ಯಾವ ಮರದ ತೊಗಟೆ?

ಬರುವ ವಾರ ಆಟಿ ಅಮಾವಾಸ್ಯೆ, ತುಳುವರ ಆಟಿ ತಿಂಗಳ ಅಮಾವಾಸ್ಯೆ. ಇಲ್ಲಿ ಕುಳಿತವರಲ್ಲಿ ಅರ್ಧದಷ್ಟು ಮಂದಿಯಾದರೂ ಅಂದು ಬೆಳಗ್ಗೆ ಮುಖ ಕಿವುಚಿಕೊಂಡು ಹಾಲೆ ಮರದ ಕಷಾಯ ಕುಡಿಯುವವರೇ. ನಾನೂ ಕುಡಿಯುತ್ತೇನೆ. ನಾನು ಚಿಕ್ಕವನಿದ್ದಾಗ ನಮ್ಮ ಅಜ್ಜ ನಸುಕಿಗೆ ಮೊದಲೇ ಎದ್ದು, ಕತ್ತಿ ಮುಟ್ಟಿಸದೆ, ಕಲ್ಲಿನಿಂದ ಜಜ್ಜಿ ತೊಗಟೆ ತರುತ್ತಿದ್ದರು. ಊರಿಗೆಲ್ಲ ಗೊತ್ತಿದ್ದದ್ದು ಇಷ್ಟು. ಅವರು ಹಿಂದಿನ ದಿನದ ಸಂಜೆಯೇ ಒಂದು ಕೆಲಸ ಮುಗಿಸಿರುತ್ತಿದ್ದರು. ಬೆಳಕಿರುವಾಗ ಗುಡ್ಡ ಹತ್ತಿ ಒಂದು ರೆಂಬೆ ಬಗ್ಗಿಸಿ ನೋಡುತ್ತಿದ್ದರು. ಒಂದೇ ಗೆಣ್ಣಿನ ಸುತ್ತ ಆರೋ ಏಳೋ ಎಲೆಗಳಿರಬೇಕು, ತೊಟ್ಟು ಮುರಿದರೆ ಬಿಳಿ ಹಾಲು ಬರಬೇಕು. ಎರಡೂ ಸರಿಯಿದ್ದರೆ ಮರದ ಬುಡಕ್ಕೆ ಬಾಳೆನಾರು ಕಟ್ಟಿ ಬರುತ್ತಿದ್ದರು. ಕತ್ತಲಲ್ಲಿ ಎಲೆ ಕಾಣುವುದಿಲ್ಲ, ಕೈಗೆ ಸಿಗುವುದು ತೊಗಟೆ ಮಾತ್ರ. ಅದೇ ಗುಡ್ಡದಲ್ಲಿ ಕಾಸರಕನ ಮರವೂ ಇರುತ್ತದೆ. ಅದರ ತೊಗಟೆಯೂ ಕಹಿಯೇ. ಹಾಲೆಯೆಂದುಕೊಂಡು ಕಾಸರಕವನ್ನು ಕುದಿಸಿ ಕುಡಿದು ಪ್ರಾಣ ಕಳೆದುಕೊಂಡವರ ಸುದ್ದಿಯನ್ನು ನೀವೂ ಪತ್ರಿಕೆಗಳಲ್ಲಿ ಓದಿರುತ್ತೀರಿ.

ನನಗೆ ಕೊಟ್ಟಿರುವ ವಿಷಯ ದಕ್ಷಿಣ ಅಮೆರಿಕದ ಔಷಧ ಸಸ್ಯಗಳು. ಆಟಿ ಕಷಾಯಕ್ಕೂ ಅದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಒಂದು ಸಂಬಂಧ ನೇರವಾಗಿಯೇ ಇದೆ: ದಕ್ಷಿಣ ಅಮೆರಿಕದ ಸಿಂಕೋನ ಮರದ ತೊಗಟೆಯಿಂದ ಬರುವ ಮಲೇರಿಯಾ ಮದ್ದು ಕ್ವಿನೈನ್ ದುಬಾರಿಯಾಗಿದ್ದ ಕಾಲದಲ್ಲಿ, ಅದರ ಬದಲಿಗೆ ಇದೇ ಹಾಲೆ ತೊಗಟೆ ಆಗಬಹುದೇ ಎಂದು 19ನೆಯ ಶತಮಾನದ ವೈದ್ಯರು ಪ್ರಯತ್ನ ಮಾಡಿದ್ದರು. ಔಷಧ ಕೋಶಗಳಲ್ಲಿ ಅದಕ್ಕೆ ದೀಟಾ ತೊಗಟೆ ಎಂಬ ಹೆಸರಿತ್ತು. ಇನ್ನೊಂದು ಸಂಬಂಧ ಅಜ್ಜನ ಬಾಳೆನಾರಿನದು. ಔಷಧದ ಕಥೆಯನ್ನು ನಾವು ಯಾವಾಗಲೂ ಪ್ರಯೋಗಶಾಲೆಯಿಂದ ಶುರುಮಾಡುತ್ತೇವೆ. ಅದಕ್ಕೂ ಮೊದಲು ಯಾರೋ ಒಬ್ಬ ಕಾಡಿನಲ್ಲಿ ನಿಂತು ‘ಇದೇ ಮರ, ಅದಲ್ಲ’ ಎಂದಿರುತ್ತಾನೆ. ಇಂದು ಅವನ ಬಗ್ಗೆ ಹೆಚ್ಚು ಮಾತಾಡಬೇಕೆಂದಿದ್ದೇನೆ.

ಸಿಂಕೋನದಿಂದ ತೊಡಗೋಣ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಇದು ನಮಗೆ ತೀರ ಅಪರಿಚಿತವೇನಲ್ಲ. ಕಾಫಿಯ ಕುಟುಂಬದ್ದೇ ಮರ, ನಮ್ಮ ಕೇಪಳ ಹೂವಿನ ಕುಟುಂಬವೂ ಅದೇ. ತವರು ಆಂಡಿಸ್ ಪರ್ವತಶ್ರೇಣಿಯ ಮಂಜು ಮುಸುಕಿದ ಇಳಿಜಾರುಗಳು. ಉತ್ತರದಲ್ಲಿ ವೆನೆಜುವೆಲಾ, ಕೊಲಂಬಿಯಾದಿಂದ ದಕ್ಷಿಣದಲ್ಲಿ ಬೊಲಿವಿಯಾದವರೆಗೆ ಇದರ ಇಪ್ಪತ್ತಕ್ಕೂ ಹೆಚ್ಚು ಪ್ರಭೇದಗಳಿವೆ. ಇವು ತಮ್ಮತಮ್ಮಲ್ಲೇ ಬೆರೆತು ಮಿಶ್ರತಳಿಗಳೂ ಆಗುತ್ತವೆ. ಒಂದು ಮರದ ತೊಗಟೆಯಲ್ಲಿ ಕ್ವಿನೈನ್ ತುಂಬಿದ್ದರೆ, ನೋಡಲು ಹಾಗೆಯೇ ಇರುವ ಇನ್ನೊಂದರಲ್ಲಿ ಹೆಸರಿಗೂ ಇರುವುದಿಲ್ಲ. ಮುಂದಿನ ಇನ್ನೂರು ವರ್ಷಗಳ ಎಲ್ಲ ರಗಳೆಗೂ ಮೂಲ ಇದು.

ಹೆಸರಿನ ಕಥೆ ನಿಮಗೆ ಗೊತ್ತಿರಬಹುದು. ಪೆರುವಿನ ವೈಸರಾಯ್ ಆಗಿದ್ದ ಚಿಂಚೋನ್ ಕೌಂಟನ ಹೆಂಡತಿಗೆ ಚಳಿಜ್ವರ ಬಂತು, ಈ ತೊಗಟೆಯಿಂದ ವಾಸಿಯಾಯಿತು, ಆಕೆ ಅದನ್ನು ಸ್ಪೇನಿಗೆ ಒಯ್ದು ಬಡವರಿಗೆ ಹಂಚಿದಳು. ಶಾಲೆಯಲ್ಲಿ ನನಗೂ ಇದನ್ನೇ ಹೇಳಿಕೊಟ್ಟಿದ್ದರು. ಕೌಂಟನ ಕಚೇರಿಯ ದಿನಚರಿಯನ್ನು 1941ರಲ್ಲಿ ಒಬ್ಬ ಸಂಶೋಧಕ ಕುಳಿತು ಓದಿದ. ಮೊದಲ ಹೆಂಡತಿ ಪೆರುವಿಗೆ ಕಾಲಿಡುವ ಮೊದಲೇ ತೀರಿಕೊಂಡಿದ್ದಳು. ಎರಡನೆಯವಳಿಗೆ ಅಂಥ ಜ್ವರ ಬಂದ ದಾಖಲೆಯೇ ಇಲ್ಲ. ಆಕೆ ಸ್ಪೇನಿಗೆ ಮರಳುವ ದಾರಿಯಲ್ಲಿ, ಕಾರ್ತಹೇನಾ ಬಂದರಿನಲ್ಲೇ ಸತ್ತಳು. ತೊಗಟೆ ಹಂಚುವುದೆಲ್ಲಿ ಬಂತು! ಆದರೆ ಅಷ್ಟರಲ್ಲಿ ಕಾಲ ಮಿಂಚಿತ್ತು. 1742ರಲ್ಲೇ ಸಸ್ಯಶಾಸ್ತ್ರಜ್ಞ ಲಿನೇಯಸ್ ಆ ಕೌಂಟೆಸ್ ಹೆಸರನ್ನು ಮರಕ್ಕೆ ಕೊಟ್ಟಾಗಿತ್ತು. ಅದರಲ್ಲೂ ಕಾಗುಣಿತ ತಪ್ಪಿಸಿ ಚಿಂಚೋನವನ್ನು ಸಿಂಕೋನ ಮಾಡಿದ್ದ. ನಡೆಯದ ಘಟನೆಯ ನೆನಪಿಗೆ ತಪ್ಪು ಕಾಗುಣಿತದ ಹೆಸರು.

ನಿಜವಾಗಿ ತೊಗಟೆಯನ್ನು ಯೂರೋಪಿಗೆ ದಾಟಿಸಿದವರು ಜೆಸ್ವಿಟ್ ಪಾದ್ರಿಗಳು. ಲೀಮಾದಲ್ಲಿ ಅವರ ಔಷಧಶಾಲೆ ನೋಡಿಕೊಳ್ಳುತ್ತಿದ್ದ ಅಗೊಸ್ತೀನೊ ಸಲುಂಬ್ರೀನೊ 1630ರ ದಶಕದ ಆರಂಭದಲ್ಲಿ ಅದನ್ನು ರೋಮಿಗೆ ಕಳಿಸಿದ. ರೋಮ್ ಆಗ ಮಲೇರಿಯಾದ ತವರುಮನೆಯಂತಿತ್ತು. ಇಲ್ಲಿ ಒಂದು ಸ್ವಾರಸ್ಯವಿದೆ. ಕೊಲಂಬಸ್‌ಗಿಂತ ಮೊದಲು ಅಮೆರಿಕ ಖಂಡಗಳಲ್ಲಿ ಮಲೇರಿಯಾವೇ ಇರಲಿಲ್ಲ ಎಂಬುದು ಹೆಚ್ಚಿನ ಸಂಶೋಧಕರ ಅಭಿಪ್ರಾಯ. ಹಾಗಾದರೆ ಆಂಡಿಸ್‌ನ ಜನರಿಗೆ ಈ ತೊಗಟೆ ಯಾತಕ್ಕೆ ಬೇಕಿತ್ತು? ತಣ್ಣೀರಿನಲ್ಲಿ ನೆನೆದು ಗಡಗಡ ನಡುಗುವವರಿಗೆ ಅವರು ಇದನ್ನು ಕೊಡುತ್ತಿದ್ದರು, ನಡುಕ ನಿಲ್ಲುವುದನ್ನು ಕಂಡ ಪಾದ್ರಿಗಳು ಚಳಿಜ್ವರದ ನಡುಕಕ್ಕೂ ಕೊಟ್ಟು ನೋಡಿದರು ಎಂಬ ವಿವರಣೆಯಿದೆ. ಕ್ವಿನೈನ್ ಸ್ನಾಯುಗಳನ್ನು ಸಡಿಲಿಸುವುದು ನಿಜ. ಆದ್ದರಿಂದ ಈ ವಿವರಣೆ ನನಗೆ ಒಪ್ಪುವಂಥದ್ದಾಗಿ ಕಾಣುತ್ತದೆ. ನಡುಕ ನಿಂತದ್ದು ಒಂದು ಕಾರಣಕ್ಕೆ, ಜ್ವರ ಬಿಟ್ಟದ್ದು ಬೇರೆಯೇ ಕಾರಣಕ್ಕೆ.

ಆ ಬೇರೆ ಕಾರಣವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಮಲೇರಿಯಾ ಪರಾವಲಂಬಿ ನಮ್ಮ ಕೆಂಪು ರಕ್ತಕಣದೊಳಗೆ ಕುಳಿತು ಹಿಮೋಗ್ಲೋಬಿನ್ ತಿನ್ನುತ್ತದೆ. ತಿಂದ ಮೇಲೆ ಉಳಿಯುವ ಹೀಮ್ ಅದಕ್ಕೇ ವಿಷ. ಅದನ್ನು ಹರಳುಗಟ್ಟಿಸಿ ಮೂಲೆಗಿಟ್ಟು ಬದುಕುತ್ತದೆ. ಕ್ವಿನೈನ್ ಹರಳುಗಟ್ಟಲು ಬಿಡುವುದಿಲ್ಲ. ತಾನು ಉಂಡ ಊಟವೇ ಪರಾವಲಂಬಿಗೆ ಮುಳುವಾಗುತ್ತದೆ.

ಹೋಮಿಯೋಪಥಿ ಅಂಗಡಿಯಲ್ಲಿ ‘ಚೈನಾ’ ಎಂಬ ಸೀಸೆ ನೋಡಿದ್ದೀರಲ್ಲ? ಅದಕ್ಕೂ ಚೀನಾ ದೇಶಕ್ಕೂ ಸಂಬಂಧವಿಲ್ಲ. ಅದು ಕೀನಾ, ಅಂದರೆ ಸಿಂಕೋನ. ಜರ್ಮನ್ ವೈದ್ಯ ಹಾನಿಮನ್ 1790ರಲ್ಲಿ ಈ ತೊಗಟೆಯನ್ನು ತಾನೇ ತಿಂದು, ಜ್ವರದ ಲಕ್ಷಣಗಳು ಕಂಡವೆಂದು ಬರೆದುಕೊಂಡ. ಆ ಪದ್ಧತಿ ಹುಟ್ಟಿದ್ದು ಅಲ್ಲಿಂದ. ಅದರ ವಾದವಿವಾದ ಇವತ್ತು ಬೇಡ, ಹೊರಗೆ ಚಹಾ ಕುಡಿಯುವಾಗ ಇಟ್ಟುಕೊಳ್ಳೋಣ.

ತೊಗಟೆ ಯೂರೋಪನ್ನು ಮುಟ್ಟಿ ನೂರು ವರ್ಷ ಕಳೆದರೂ ಮರ ಹೇಗಿದೆ ಎಂದು ಅಲ್ಲಿನ ಸಸ್ಯಶಾಸ್ತ್ರಜ್ಞರು ಕಂಡಿರಲಿಲ್ಲ. ಕೀನಾ-ಕೀನಾ ಎಂಬ, ಆಂಡಿಸ್ ಜನರ ಕೆಚುವಾ ಭಾಷೆಯ ಹೆಸರು ಮೂಲದಲ್ಲಿ ಇನ್ನೊಂದೇ ಮರದ್ದು, ಪೆರು ಬಾಲ್ಸಮ್ ಎಂಬ ಪರಿಮಳದ ಅಂಟು ಕೊಡುವ ಮರದ್ದು. ವ್ಯಾಪಾರಿಗಳು ಎರಡನ್ನೂ ಬೆರೆಸಿದರು, ಹೆಸರೂ ಬೆರೆಯಿತು. 1737ರಲ್ಲಿ ಲಾ ಕೊಂಡಮೀನ್ ಎಂಬ ಫ್ರೆಂಚ್ ವಿದ್ವಾಂಸ ಈಗಿನ ಇಕ್ವೆಡಾರ್‌ನ ಲೋಹಾ ಊರಿನ ಗುಡ್ಡದಲ್ಲಿ ಮರವನ್ನು ಕಣ್ಣಾರೆ ಕಂಡು ಚಿತ್ರ ಬರೆದ. ಅವನು ಬಂದದ್ದು ಭೂಮಿಯ ಆಕಾರ ಅಳೆಯಲು. ಮುಂದೆ ಅಮೆಜಾನ್ ನದಿಯುದ್ದಕ್ಕೂ ದೋಣಿಯಲ್ಲಿ ಇಳಿದು ಬರುವಾಗ ಸಿಂಕೋನದ ಎಳೆಯ ಸಸಿಗಳನ್ನು ಪೆಟ್ಟಿಗೆಯಲ್ಲಿ ಎಂಟು ತಿಂಗಳು ಸಾಕಿದ. ಇನ್ನೇನು ಸಮುದ್ರ ಬಂತು ಎನ್ನುವಾಗ ಒಂದು ಅಲೆ ದೋಣಿಗೆ ನುಗ್ಗಿ ಎಲ್ಲವನ್ನೂ ಕೊಚ್ಚಿಕೊಂಡು ಹೋಯಿತು. ಒಂದು ಗಿಡವನ್ನು ನರ್ಸರಿಯಿಂದ ಮನೆಗೆ ತರುವಷ್ಟರಲ್ಲಿ ಬಾಡಿಸುವ ನನ್ನಂಥವನಿಗೆ ಆ ಎಂಟು ತಿಂಗಳು ನೆನೆದರೆ ಸಂಕಟವಾಗುತ್ತದೆ.

1820ರಲ್ಲಿ ಪ್ಯಾರಿಸ್‌ನ ಪೆಲ್ತಿಯೇ ಮತ್ತು ಕವೆಂತೂ ತೊಗಟೆಯಿಂದ ಕ್ವಿನೈನ್ ಬೇರ್ಪಡಿಸಿದರು. ಪೇಟೆಂಟ್ ಹಿಡಿಯಲಿಲ್ಲ, ವಿಧಾನವನ್ನು ಎಲ್ಲರಿಗೂ ತಿಳಿಸಿದರು. ಅಲ್ಲಿಂದ ತೊಗಟೆಯ ಬೆಲೆ ಕಹಿಯ ಅಂದಾಜಿನ ಮೇಲೆ ನಿಲ್ಲದೆ ಅದರಲ್ಲಿರುವ ಕ್ವಿನೈನ್‌ನ ಶೇಕಡಾವಾರಿನ ಮೇಲೆ ನಿಂತಿತು.

ಈಗ ದೀಪ ಆರಿಸಿ ಎಂದು ಕೇಳಿಕೊಂಡಿದ್ದೆ. ಹಾಂ, ಸಾಕು. ನನ್ನ ಕೈಯಲ್ಲಿರುವುದು ಅಂಗಡಿಯಲ್ಲಿ ಸಿಗುವ ಟಾನಿಕ್ ವಾಟರ್ ಬಾಟಲಿ. ಇದು ನೋಟು ಅಸಲಿಯೋ ನಕಲಿಯೋ ಎಂದು ನೋಡುವ ನೇರಳಾತೀತ ದೀಪ. ಹಿಡಿದೆ ನೋಡಿ. ತಿಳಿ ನೀರಿನ ಹಾಗಿದ್ದದ್ದು ಬಟ್ಟೆಗೆ ಹಾಕುವ ನೀಲಿಯಂತೆ ಹೊಳೆಯುತ್ತಿದೆಯಲ್ಲ? ಅದರಲ್ಲಿರುವ ಚಿಟಿಕೆ ಕ್ವಿನೈನ್‌ನ ಹೊಳಪು ಅದು. ಈ ನೀಲಿಯನ್ನು ಗಮನಿಸಿ 1845ರಲ್ಲಿ ವರದಿ ಮಾಡಿದವನು ಖಗೋಳಶಾಸ್ತ್ರಜ್ಞ ಜಾನ್ ಹರ್ಷೆಲ್. ದೀಪ ಹಾಕಬಹುದು.

19ನೆಯ ಶತಮಾನದ ನಡುವಿಗೆ ಬರೋಣ. ವಸಾಹತುಗಳನ್ನು ಆಳುವವರಿಗೆ ಮಲೇರಿಯಾ ದೊಡ್ಡ ತಲೆನೋವು. ತೊಗಟೆಗಾಗಿ ಆಂಡಿಸ್‌ನಲ್ಲಿ ಮರಗಳನ್ನು ಕಡಿದು ಕೆಡವುತ್ತಿದ್ದರು. ಬೀಜ ತಂದು ತಾವೇ ಬೆಳೆಯಬೇಕೆಂದು ಡಚ್ಚರೂ ಬ್ರಿಟಿಷರೂ ಹೊರಟರು. ಡಚ್ಚರ ಕಡೆಯಿಂದ ಹಾಸ್‌ಕಾರ್ಲ್ ಎಂಬವನು ಸುಳ್ಳು ಹೆಸರಿನಲ್ಲಿ ಪೆರುವಿಗೆ ಹೋಗಿ, 1854ರಲ್ಲಿ ಜಾವಾಕ್ಕೆ ಸಸಿ ತಂದ. ಅವು ಸೊಗಸಾಗಿ ಬೆಳೆದವು. ಹತ್ತು ಲಕ್ಷದ ಲೆಕ್ಕದಲ್ಲಿ ನೆಟ್ಟರು. ಗವರ್ನರ್ ಜನರಲ್ ಪಾಹುಡ್ ಹೆಸರನ್ನೇ ಆ ಪ್ರಭೇದಕ್ಕೆ ಇಟ್ಟರು. ತೊಗಟೆ ಪರೀಕ್ಷಿಸಿದರೆ ಕ್ವಿನೈನ್ ಇಲ್ಲವೆನ್ನುವಷ್ಟು ಕಡಿಮೆ. ಗುಡ್ಡಗಟ್ಟಲೆ ತಪ್ಪು ಮರ! ಅಜ್ಜನ ಬಾಳೆನಾರು ಅಲ್ಲಿರಲಿಲ್ಲ.

ಬ್ರಿಟಿಷರ ಪರವಾಗಿ ಸಸ್ಯಶಾಸ್ತ್ರಜ್ಞ ರಿಚರ್ಡ್ ಸ್ಪ್ರೂಸ್ 1860ರಲ್ಲಿ ಇಕ್ವೆಡಾರ್‌ನಿಂದ ಕೆಂಪು ತೊಗಟೆಯ ಸಿಂಕೋನದ ಒಂದು ಲಕ್ಷ ಬೀಜ ಮತ್ತು ಆರುನೂರಕ್ಕೂ ಹೆಚ್ಚು ಸಸಿಗಳನ್ನು ಕಳಿಸಿದ. ಅವು ಬಂದು ಇಳಿದದ್ದು ನಮ್ಮ ಪಕ್ಕದ ನೀಲಗಿರಿಗೆ. ಮೈಸೂರಿನಿಂದ ಗೂಡಲೂರು ದಾರಿಯಾಗಿ ಊಟಿಗೆ ಹೋಗುವವರು ದಾಟುವ ನಡುವಟ್ಟಂ, ಊಟಿಯ ಮೇಲಿನ ದೊಡ್ಡಬೆಟ್ಟ, ಇವೆಲ್ಲ ಸಿಂಕೋನ ತೋಟಗಳಾಗಿದ್ದವು. ಊಟಿಯ ಸಸ್ಯೋದ್ಯಾನ ಕಟ್ಟಿದ ಮ್ಯಾಕ್‌ಐವರ್ ಇಲ್ಲಿ ಒಂದು ಜಾಣತನ ತೋರಿದ. ಮರ ಕಡಿಯದೆ, ತೊಗಟೆಯನ್ನು ಉದ್ದುದ್ದ ಪಟ್ಟಿಯಾಗಿ ಸುಲಿದು, ಗಾಯದ ಮೇಲೆ ಹಸಿ ಹಾವಸೆ ಹೊದಿಸಿ ಕಟ್ಟಿದ. ಅಲ್ಲಿ ಹೊಸ ತೊಗಟೆ ಬಂತು. ಆದರೆ ಕೆಂಪು ತೊಗಟೆಯಲ್ಲಿ ಒಟ್ಟು ಆಲ್ಕಲಾಯ್ಡ್‌ಗಳು, ಅಂದರೆ ಕ್ವಿನೈನ್ ಜಾತಿಯ ಕಹಿ ಸಾರಗಳು, ಹೆಚ್ಚಿದ್ದರೂ ಕ್ವಿನೈನ್ ಕಡಿಮೆ. ಸ್ಪ್ರೂಸ್ ಪಾಡೇನಾಯಿತು ಎಂದರೆ, ಕಾಡಿನಲ್ಲಿ ಆರೋಗ್ಯ ಕಳೆದುಕೊಂಡವನು, ಉಳಿತಾಯ ಇಟ್ಟಿದ್ದ ಸಂಸ್ಥೆ ಮುಳುಗಿ ಹಣವನ್ನೂ ಕಳೆದುಕೊಂಡ.

ಸರಿಯಾದ ಮರವನ್ನು ಬಲ್ಲವನ ಹೆಸರು ಮನುಯೆಲ್ ಇಂಕ್ರಾ ಮಮಾನಿ. ಈ ಹೆಸರನ್ನು ದಯವಿಟ್ಟು ಬರೆದುಕೊಳ್ಳಿ. ಬೊಲಿವಿಯಾದ ಮೂಲನಿವಾಸಿ. ಕಸುಬು ತೊಗಟೆ ಹುಡುಕುವುದು. ಆ ಕಸುಬಿನವರನ್ನು ಅಲ್ಲಿ ಕಾಸ್ಕರಿಯೆರೋ ಎನ್ನುತ್ತಾರೆ. ಇವರು ಎತ್ತರದಲ್ಲಿ ನಿಂತು ಕಣಿವೆಯ ಕಾಡಿನ ಹೊದಿಕೆಯನ್ನು ನೋಡುತ್ತಿದ್ದರು. ಹಸಿರಿನ ನಡುವೆ ಬೇರೆ ಬಣ್ಣದ, ಬೇರೆ ಹೊಳಪಿನ ಒಂದು ಕಲೆ ಕಂಡರೆ ಅಲ್ಲಿ ಸಿಂಕೋನದ ಗುಂಪಿದೆ ಎಂದು ಲೆಕ್ಕ. ಆ ಕಲೆಗೇ ಅವರ ಮಾತಿನಲ್ಲಿ ಮಾಂಚಾ ಎಂದು ಹೆಸರು. ಅಲ್ಲಿಗೆ ದಾರಿಯಿರುವುದಿಲ್ಲ. ಕಡಿಯುತ್ತ, ತೆವಳುತ್ತ ತಲುಪಬೇಕು.

ಚಾರ್ಲ್ಸ್ ಲೆಡ್ಜರ್ ಎಂಬ ಇಂಗ್ಲಿಷ್ ವ್ಯಾಪಾರಿಗೆ ಮಮಾನಿ ಹಲವು ವರ್ಷ ಕೆಲಸ ಮಾಡಿದ್ದ. ಅತ್ಯುತ್ತಮ ಮರದ ಬೀಜ ಬೇಕು ಎಂದು ಲೆಡ್ಜರ್ ಹೇಳಿ ಕಳಿಸಿದ. ಮಮಾನಿ ತಾನು ಬಲ್ಲ ಮರಗಳನ್ನು ಆರಿಸಿಕೊಂಡು ಕಾದ. ಆ ವರ್ಷ ಏಪ್ರಿಲ್‌ನ ಹಿಮ ಬಿದ್ದು ಬೀಜ ಹಾಳಾಯಿತು. ಮರುವರ್ಷವೂ ಹಾಗೆಯೇ ಆಯಿತು. ನಾಲ್ಕು ವರ್ಷ ಇದೇ ಪಾಡು. ಕೈಗೆ ಸಿಕ್ಕ ಬೇರೆ ಮರದ ಬೀಜ ತುಂಬಿ ಕೊಟ್ಟಿದ್ದರೆ ಲೆಡ್ಜರ್‌ಗೆ ಗೊತ್ತಾಗುತ್ತಲೇ ಇರಲಿಲ್ಲ. ಕಾಗದದ ಚೂರಿನಂಥ ರೆಕ್ಕೆಯಿರುವ ಆ ಸಣ್ಣ ಬೀಜಗಳೆಲ್ಲ ನೋಡಲು ಒಂದೇ. ಮಮಾನಿ ಕಾದ. 1865ರಲ್ಲಿ ಬೀಜ ಬಲಿತಾಗ ಹೊತ್ತುಕೊಂಡು ಪರ್ವತ ದಾಟಿ ನೂರಾರು ಮೈಲಿ ನಡೆದು ತಂದುಕೊಟ್ಟ.

ಲಂಡನ್‌ನಲ್ಲಿ ಆ ಬೀಜ ಕೊಳ್ಳುವವರಿರಲಿಲ್ಲ. ಬ್ರಿಟಿಷ್ ಸರ್ಕಾರ ಬೇಡವೆಂದಿತು. ಡಚ್ಚರು ಚೌಕಾಸಿ ಮಾಡಿ ಒಂದೇ ಒಂದು ಪೌಂಡ್ ಕೊಂಡರು. ಮೊದಲಿಗೆ ಕೊಟ್ಟದ್ದು ಸುಮಾರು ನೂರು ಫ್ರಾಂಕ್. ಜಾವಾದಲ್ಲಿ ಸುಮಾರು 20,000 ಬೀಜ ಮೊಳೆತವು. ಆ ಮರಗಳ ತೊಗಟೆ ಪರೀಕ್ಷಿಸಿದಾಗ, ಕೆಲವದರಲ್ಲಿ ಕ್ವಿನೈನ್ ಶೇಕಡಾ 13ರವರೆಗೂ ಇತ್ತು. ಡಚ್ಚರು ಅದರ ಕುಡಿಯನ್ನು ಗಟ್ಟಿಮುಟ್ಟಾದ ಕೆಂಪು ತೊಗಟೆಯ ಗಿಡದ ಬೇರಿಗೆ ಕಸಿ ಕಟ್ಟಿದರು. 1930ರ ದಶಕದ ಹೊತ್ತಿಗೆ ಜಗತ್ತಿನ ಕ್ವಿನೈನ್‌ನಲ್ಲಿ ಶೇಕಡಾ 90ಕ್ಕೂ ಹೆಚ್ಚು ಜಾವಾದ್ದು.

ಆ ಮರಕ್ಕೆ ಇಟ್ಟ ಹೆಸರು ಸಿಂಕೋನ ಲೆಡ್ಜರಿಯಾನ. ಮುದುಕನಾದ ಮೇಲೆ ಲೆಡ್ಜರ್‌ಗೆ ಡಚ್ ಸರ್ಕಾರದಿಂದ ಒಂದಿಷ್ಟು ಪಿಂಚಣಿಯೂ ಬಂತು. ಮಮಾನಿಯನ್ನು ಬೊಲಿವಿಯಾದ ಅಧಿಕಾರಿಗಳು ಹಿಡಿದು, ಬೀಜ ಯಾರಿಗೆ ಕೊಟ್ಟೆ ಎಂದು ಹೊಡೆದು, ಸೆರೆಯಲ್ಲಿಟ್ಟರು. ಬಿಡುಗಡೆಯಾದ ಸ್ವಲ್ಪ ಕಾಲದಲ್ಲೇ, 1871ರಲ್ಲಿ, ಸತ್ತ.

ಬೊಲಿವಿಯಾದ ಅಧಿಕಾರಿಗಳನ್ನು ರಾಕ್ಷಸರೆಂದು ಬೈದು ಸುಮ್ಮನಾಗುವುದು ನನಗೆ ಸಾಧ್ಯವಿಲ್ಲ. ತಮ್ಮ ನಾಡಿನ ಸಂಪತ್ತು ಕದ್ದುಹೋಗುತ್ತಿದೆ ಎಂಬ ಅವರ ಭಯ ನಿಜವೇ ಆಯಿತಲ್ಲ. ಇನ್ನೊಂದು ಕಡೆ, ಬಂಗಾಳದಲ್ಲಿ 1892ರಿಂದ ಅಂಚೆ ಕಚೇರಿಗಳಲ್ಲಿ ಒಂದು ಪೈಸೆಗೆ ಒಂದು ಪೊಟ್ಟಣದಂತೆ ಕ್ವಿನೈನ್ ಮಾರುತ್ತಿದ್ದರು. ಆ ಪೊಟ್ಟಣ ಕೊಂಡ ತಾಯಂದಿರಿಗೆ ಬೀಜ ಕಳ್ಳಸಾಗಣೆ ತಪ್ಪು ಎಂದು ಹೇಳುವ ಧೈರ್ಯ ನನಗಿಲ್ಲ. ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಂಡು ಒದ್ದಾಡುವುದೊಂದೇ ನಾನು ಮಾಡುವುದು. ಪೆರುವಿನ ಲಾಂಛನದಲ್ಲಿ ಇಂದಿಗೂ ಸಿಂಕೋನ ಮರವಿದೆ, ಅಲ್ಲಿನ ಕಾಡಿನಲ್ಲಿ ಮಾತ್ರ ಹುಡುಕಬೇಕು.

1942ರಲ್ಲಿ ಜಪಾನ್ ಜಾವಾವನ್ನು ಹಿಡಿಯಿತು. ಕ್ವಿನೈನ್ ನಿಂತುಹೋಯಿತು. ಅಮೆರಿಕ ತನ್ನ ಸಸ್ಯಶಾಸ್ತ್ರಜ್ಞರನ್ನು ಆಂಡಿಸ್‌ಗೆ ಅಟ್ಟಿತು. ಹೇಸರಗತ್ತೆಯ ಮೇಲೆ ಹೋದ ಅವರ ಚೀಲದಲ್ಲಿ ಒಂದು ಗಾಜಿನ ನಳಿಗೆ, ಒಂದು ಸಣ್ಣ ಒಲೆ. ತೊಗಟೆಯ ಪುಡಿಯನ್ನು ನಳಿಗೆಯಲ್ಲಿ ಹಾಕಿ ಕಾಯಿಸುವುದು. ಕೆಂಪು ಹೊಗೆಯೆದ್ದು ಗಾಜಿನ ಮೇಲೆ ಕೆಂಪು ಡಾಂಬರು ಕಟ್ಟಿದರೆ ಸಿಂಕೋನದ ಆಲ್ಕಲಾಯ್ಡ್ ಇದೆ. ಬರಿಯ ಕಂದು ಬಂದರೆ ಮುಂದಿನ ಮರ. ಗ್ರಾಹೆ ಪರೀಕ್ಷೆ ಎನ್ನುತ್ತಾರೆ. ಮೂರು ಶತಮಾನ ಕಳೆದು, ಮಹಾಯುದ್ಧದ ನಡುವೆಯೂ, ಪ್ರಶ್ನೆ ಅದೇ.

ಇನ್ನು ಕಾಸರಕಕ್ಕೆ ಬರುತ್ತೇನೆ. ಕಾಸರಕದ ಕುಲ ಸ್ಟ್ರಿಕ್ನೋಸ್. ಅದರ ಸ್ಟ್ರಿಕ್ನಿನ್ ಸ್ನಾಯುಗಳನ್ನು ಬಿಲ್ಲಿನಂತೆ ಸೆಟೆಸಿ ಕೊಲ್ಲುತ್ತದೆ. ಇದೇ ಕುಲದ ದಕ್ಷಿಣ ಅಮೆರಿಕದ ಅಕ್ಕತಂಗಿಯರು ತದ್ವಿರುದ್ಧ. ಸ್ನಾಯುಗಳನ್ನು ಹಗ್ಗ ಬಿಚ್ಚಿದಂತೆ ಸಡಿಲಿಸಿ ಕೊಲ್ಲುತ್ತವೆ. ಅಮೆಜಾನ್ ಮತ್ತು ಒರಿನೋಕೊ ಪ್ರದೇಶದ ಬೇಟೆಗಾರರು ಇಂಥ ಬಳ್ಳಿಗಳ ರಸ ಕುದಿಸಿ ಮಾಡುವ ಬಾಣದ ವಿಷವೇ ಕುರಾರೆ. ಕೆಲವು ಕಡೆ ಸ್ಟ್ರಿಕ್ನೋಸ್, ಕೆಲವು ಕಡೆ ಕೊಂಡ್ರೊಡೆಂಡ್ರನ್ ಎಂಬ, ನಮ್ಮ ಅಮೃತಬಳ್ಳಿಯ ಕುಟುಂಬದ ಬಳ್ಳಿ. ಬಾಣ ತಾಗಿದ ಕೋತಿ ಕೊಂಬೆಯ ಹಿಡಿತ ಬಿಟ್ಟು ಕೆಳಗೆ ಬೀಳುತ್ತದೆ, ಉಸಿರಾಟದ ಸ್ನಾಯು ನಿಂತು ಸಾಯುತ್ತದೆ. ಆ ಮಾಂಸ ತಿಂದವರಿಗೆ ಏನೂ ಆಗುವುದಿಲ್ಲ. ಹೊಟ್ಟೆಯಿಂದ ಅದು ರಕ್ತಕ್ಕೆ ಸೇರುವುದು ಅತ್ಯಲ್ಪ.

1800ರಲ್ಲಿ ಜರ್ಮನಿಯ ಪ್ರವಾಸಿ ವಿಜ್ಞಾನಿ ಹುಂಬೋಲ್ಟ್ ಒರಿನೋಕೊ ದಡದ ಎಸ್ಮೆರಾಲ್ದಾದಲ್ಲಿ ಒಬ್ಬ ವಿಷ ಕುದಿಸುವವನ ಬಳಿ ಕುಳಿತು ಇಡೀ ವಿಧಾನ ನೋಡಿದ. ಪಾಕ ಹದಕ್ಕೆ ಬಂತೇ ಎಂದು ತಿಳಿಯಲು ನಾಲಗೆಗೆ ಹಚ್ಚಿ ಕಹಿ ನೋಡುವುದೇ ಪರೀಕ್ಷೆ. ಹುಂಬೋಲ್ಟನೂ ರುಚಿ ನೋಡಿದ. ಮುಂದಿನ ಪ್ರಯಾಣದಲ್ಲಿ ಕುರಾರೆಯ ಭರಣಿ ಸೋರಿ ಬಟ್ಟೆಗೆಲ್ಲ ಹರಡಿತು. ಬಟ್ಟೆ ಒಗೆದರು, ಒಂದು ಕಾಲುಚೀಲದ ಒಳಗೆ ನೋಡುವುದನ್ನು ಮರೆತರು. ಹಾಕಿಕೊಳ್ಳಲು ಹೋದಾಗ ಕೈಗೆ ಅಂಟಂಟು ತಾಗಿದ್ದರಿಂದ ಹುಂಬೋಲ್ಟ್ ಉಳಿದ. ಆಗ ಅವನ ಪಾದಗಳು ಚರ್ಮ ಕೊರೆಯುವ ಕೀಟಗಳ ಕಡಿತದಿಂದ ರಕ್ತ ಸೋರುತ್ತಿದ್ದವು. ನಾಲಗೆಗೆ ನಿರಪಾಯ, ಅಂಗಾಲಿಗೆ ಮೃತ್ಯು.

ಫ್ರಾನ್ಸಿನ ಶರೀರಶಾಸ್ತ್ರಜ್ಞ ಕ್ಲಾಡ್ ಬರ್ನಾರ್ಡ್ ಕಪ್ಪೆಗಳ ಮೇಲೆ ಪ್ರಯೋಗ ಮಾಡಿ, ಕುರಾರೆ ನರದ ಆಜ್ಞೆ ಸ್ನಾಯುವಿಗೆ ಮುಟ್ಟದಂತೆ ತಡೆಯುತ್ತದೆ ಎಂದು ತೋರಿಸಿದ. ಔಷಧವಾಗಲು ಮತ್ತೆ ಅದೇ ತೊಡಕು: ಗಡಿಗೆಯಲ್ಲಿ ಬಂದ ಕಪ್ಪು ಪಾಕದೊಳಗೆ ಯಾವ ಗಿಡವಿದೆ? ಒಂದು ಗಡಿಗೆಯದು ಒಂದು ಬಗೆ, ಮತ್ತೊಂದರದು ಮತ್ತೊಂದು ಬಗೆ. 1935ರಲ್ಲಿ ರಸಾಯನಶಾಸ್ತ್ರಜ್ಞ ಹೆರಾಲ್ಡ್ ಕಿಂಗ್ ಹಳೆಯ ಸಂಗ್ರಹದಲ್ಲಿದ್ದ, ಬಿದಿರಿನ ಕೊಳವೆಯಲ್ಲಿ ತುಂಬಿದ್ದ ಕುರಾರೆಯಿಂದ ಅದರ ಸಾರವಾದ ಟ್ಯೂಬೊಕ್ಯುರಾರಿನ್ ಬೇರ್ಪಡಿಸಿದ. ಹೆಸರಿನಲ್ಲಿರುವ ಟ್ಯೂಬ್ ಆ ಬಿದಿರಿನ ಕೊಳವೆ. ಗಿಡ ಯಾವುದೆಂದು ತಿಳಿಯದಿದ್ದ ಕಾರಣ ಹೆಸರು ಕೊಳವೆಗೆ ಹೋಯಿತು. ಗುರುತು ಸಿಕ್ಕ ಕೊಂಡ್ರೊಡೆಂಡ್ರನ್ ಬಳ್ಳಿಯಿಂದಲೇ ಅದನ್ನು ತೆಗೆದದ್ದು 1943ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು, 1942ರ ಜನವರಿ 23ರಂದು, ಮಾಂಟ್ರಿಯಲ್‌ನಲ್ಲಿ ಗ್ರಿಫಿತ್ ಮತ್ತು ಜಾನ್ಸನ್ ಎಂಬ ವೈದ್ಯರು ಶುದ್ಧೀಕರಿಸಿದ ಕುರಾರೆಯನ್ನು ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಲ್ಲಿ ಒಬ್ಬ ಯುವಕನಿಗೆ ಕೊಟ್ಟರು. ಹೊಟ್ಟೆಯ ಸ್ನಾಯು ಮೆತ್ತಗಾಯಿತು, ಕಡಿಮೆ ಅರಿವಳಿಕೆಯಲ್ಲೇ ಕೆಲಸವಾಯಿತು. ಇಂದು ನಿಮ್ಮೂರಿನ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರು ಕೊಡುವ ಹಲವು ಸ್ನಾಯು ಸಡಿಲಕಗಳು ಆ ಪಾಕದ ಮೊಮ್ಮಕ್ಕಳು.

ಇದೇ ಕಾಲಕ್ಕೆ, 1941ರಲ್ಲಿ, ಅಮೆರಿಕದ ಸಸ್ಯಶಾಸ್ತ್ರಜ್ಞ ರಿಚರ್ಡ್ ಇವಾನ್ಸ್ ಶಲ್ಟಿಸ್ ಕುರಾರೆಯ ಗಿಡಗಳನ್ನು ಗುರುತಿಸಲು ಕೊಲಂಬಿಯಾದ ಅಮೆಜಾನ್ ಕಾಡಿಗೆ ಹೊಕ್ಕ. ವಿಷ ಮಾಡುವವರ ಜೊತೆಗೇ ನಡೆದು, ಅವರು ತೋರಿಸಿದ ಗಿಡದ ರೆಂಬೆ ಮುರಿದು, ಒತ್ತಿ ಒಣಗಿಸಿ, ಅವರ ಭಾಷೆಯ ಹೆಸರು ಬರೆದು ಹಾಳೆಗೆ ಅಂಟಿಸಿದ. ಸಸ್ಯಶಾಸ್ತ್ರ ವಿದ್ಯಾರ್ಥಿಗಳು ಇಂಥದ್ದೇ ಒಣಗಿಡದ ಹಾಳೆ, ಹರ್ಬೇರಿಯಂ ಹಾಳೆ, ಮಾಡುವಾಗ ಚೀಟಿಯಲ್ಲಿ ‘ಸಂಗ್ರಹಿಸಿದವರು’ ಎಂಬ ಜಾಗದಲ್ಲಿ ನಿಮ್ಮ ಹೆಸರು ಬರೆಯುತ್ತೀರಿ. ‘ತೋರಿಸಿಕೊಟ್ಟವರು’ ಎಂದು ಇನ್ನೊಂದು ಗೆರೆ ಹಾಕಿಕೊಳ್ಳಿ. ನಿಮ್ಮ ಅಧ್ಯಾಪಕರು ಅಂಕ ಕಡಿಮೆ ಮಾಡಿದರೆ ನನಗೆ ಹೇಳಿ.

ಹಿಂದಿನ ಮೇಜಿನ ಮೇಲೆ ಎರಡು ತಟ್ಟೆಗಳಿವೆ. ನಿನ್ನೆ ಇದೇ ಊರಿನ ಗುಡ್ಡದಿಂದ ತಂದ ತೊಗಟೆ. ಒಂದು ಹಾಲೆ, ಒಂದು ಕಾಸರಕ. ಬೇಕೆಂದೇ ಚೀಟಿ ಅಂಟಿಸಿಲ್ಲ. ಹೋಗುವಾಗ ನೋಡಿ, ಮೂಸಿ, ಯಾವುದು ಯಾವುದೆಂದು ಪಕ್ಕದ ಪುಸ್ತಕದಲ್ಲಿ ಬರೆದು ಹೋಗಿ. ನಾಲಗೆಗೆ ಮಾತ್ರ ಮುಟ್ಟಿಸಬೇಡಿ. ಕೈ ತೊಳೆಯಲು ಬಕೆಟ್ ಬಾಗಿಲ ಬಳಿ ಇದೆ.